ಅವಳ ಕೀಬೋರ್ಡು

ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಮ್ಮ ಅತ್ತೆಯ ಡಿಟಿಪಿ ಅಂಗಡಿ ಇದೆ. ಅವರು ಅಪ್ಪನ ತಂಗಿ. ಲಗ್ನಪತ್ರಿಕೆ, ತಿಥಿ ಕಾರ್ಡು, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಏನೇ ಬಂದರೂ ಒಂದೇ ಕೀಬೋರ್ಡಿನಲ್ಲಿ ಟೈಪು ಮಾಡುತ್ತಿದ್ದರು. ಹೋದ ಮಳೆಗಾಲದಲ್ಲಿ ಸಿಡಿಲು ಬಡಿದು ಅವರ ಹಳೆಯ ಕಂಪ್ಯೂಟರು ಸುಟ್ಟುಹೋಯಿತು. ಕೀಬೋರ್ಡಿಗೆ ಏನೂ ಆಗಲಿಲ್ಲ. ಆದರೆ ಅದರ ವೈರಿನ ತುದಿಯಲ್ಲಿದ್ದ ದಪ್ಪ ದುಂಡು ಪಿನ್ನು ಹೊಸ ಕಂಪ್ಯೂಟರಿನ ಯಾವ ತೂತಿಗೂ ಹೊಂದಲಿಲ್ಲ.

ನಾನು ಅರಕೆರೆಯವನು. ಶ್ರೀರಂಗಪಟ್ಟಣದಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವ ಅಂಗಡಿಯಲ್ಲಿ ನನ್ನ ಕೆಲಸ. ಇದೇನು ಮಹಾ ಎಂದು ಹೊಸ ಕೀಬೋರ್ಡೊಂದನ್ನು ತಂದುಕೊಟ್ಟೆ. ಅತ್ತೆ ಒಂದು ಲಗ್ನಪತ್ರಿಕೆ ಟೈಪು ಮಾಡಿ ಹಾಳೆಯನ್ನು ನನ್ನ ಮುಂದೆ ಹಿಡಿದರು.

"ನೋಡ್ಲಾ. ಚಿಕ್ಕಪ್ಪ ಓಗಿ ಚಿಕಕಪಪ ಆಗವ್ನೆ. ಇಂಗೆ ಅಚ್ಚಾಕ್ಸುದ್ರೆ ಅವ್ನು ಮದ್ವೆ ಊಟಕ್ಕೆ ಬಂದಾನಾ?"

ದಿನಚರಿ ಬರೆಯುವುದು ಪಿಯುಸಿಯಿಂದ ನನಗಿರುವ ಅಭ್ಯಾಸ. ಆ ದಿನದ ಪುಟದಲ್ಲಿ ಹೀಗಿದೆ: "ಹೊಸ ಕೀಬೋರ್ಡು. ಒಂದು ಪತ್ರಿಕೆ, ಹತ್ತೊಂಬತ್ತು ತಪ್ಪು. ಹತ್ತೊಂಬತ್ತೂ ಒತ್ತಕ್ಷರ."

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಹಳೆಯ ಕೀಬೋರ್ಡಿನ ಎಡತುದಿಯಲ್ಲಿ ಮೇಲಿನಿಂದ ಕೆಳಗೆ ಬೇರೆಯೇ ಒಂದು ಸಾಲು ಕೀಲಿಗಳಿದ್ದವು. ಅದರಲ್ಲೊಂದು ಕೆಂಪು ಕೀಲಿ. ಒತ್ತು ಬೇಕಾದಾಗಲೆಲ್ಲ ಅತ್ತೆಯ ಕಿರುಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಹೊಸದರಲ್ಲಿ ಆ ಸಾಲೇ ಇರಲಿಲ್ಲ. ಕೀಲಿಗಳ ಮೇಲಿನ ಅಕ್ಷರಗಳು ಸವೆದು ಎಷ್ಟೋ ವರ್ಷವಾಗಿತ್ತು. ಯಾವ ಅಕ್ಷರ ಎಲ್ಲಿದೆ ಎಂದು ಕೇಳಿದರೆ ಅತ್ತೆಗೂ ಹೇಳಲು ಬರುತ್ತಿರಲಿಲ್ಲ. ಗೊತ್ತಿದ್ದದ್ದು ಅವರ ಬೆರಳುಗಳಿಗೆ.

"ದೀಪಾವಳಿ ಗಂಟ ನೋಡ್ತೀನಿ. ಆಮ್ಯಾಕೆ ಬೀಗ ಜಡ್ದು ಮನೇಲಿ ಕೂತ್ಕತೀನಿ" ಅಂದರು. ಬಾಯಿಮಾತಿಗೆ ಅಂದದ್ದಲ್ಲ. "ಅಂಗಡಿ ಸಾಮಾನು ಮಾರಾಟಕ್ಕಿದೆ" ಎಂದು ಕೈಯಲ್ಲೇ ಬರೆದ ಹಾಳೆಯೊಂದನ್ನು ಬಾಗಿಲಿನ ಗಾಜಿಗೆ ಅಂಟಿಸಿಯೂ ಇದ್ದರು.

ಹಳೆಯ ಕೀಬೋರ್ಡನ್ನು ಹೊಸ ಕಂಪ್ಯೂಟರಿಗೆ ಸೇರಿಸುವ ದಾರಿ ಒಂದಿತ್ತು. ನಡುವೆ ಒಂದು ಸಣ್ಣ ಸರ್ಕ್ಯೂಟು ಕೂರಿಸಬೇಕು. ಅದಕ್ಕೆ ಪ್ರತಿ ಕೀಲಿಯೂ ಯಾವ ಸಂಕೇತ ಕಳಿಸುತ್ತದೆ ಎಂಬ ಪಟ್ಟಿ ಬೇಕು. ಪಟ್ಟಿ ಬೇಕೆಂದರೆ ಅದನ್ನು ಮಾಡಿದವರು ಯಾರೆಂದು ಗೊತ್ತಿರಬೇಕು. ಬೆನ್ನಿನ ಚೀಟಿ ಉಜ್ಜಿಹೋಗಿ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಾತ್ರ ಉಳಿದಿತ್ತು. ತಿರುಪು ಬಿಚ್ಚಿ ನೋಡಿದರೆ ಒಳಗೆ ಒಂದು ಸಂಖ್ಯೆ, ಹೆಸರಿಲ್ಲ. ಹಳೆಯ ಕೀಬೋರ್ಡುಗಳನ್ನು ಕೂಡಿಡುವವರ ಗುಂಪೊಂದು ಇಂಟರ್‌ನೆಟ್ಟಿನಲ್ಲಿದೆ. ಅಲ್ಲಿ ಫೋಟೋ ಹಾಕಿದೆ. ಒಬ್ಬರು ತೈವಾನಿನದು ಅಂದರು, ಒಬ್ಬರು ಜರ್ಮನಿಯದು ಅಂದರು. ದಿನಚರಿಯಲ್ಲಿ "ತಯಾರಕರು" ಎಂದು ತಲೆಬರಹ ಕೊಟ್ಟು ಒಂದೊಂದೇ ಹೆಸರು ಬರೆದೆ, ಒಂದೊಂದೇ ಹೊಡೆದುಹಾಕಿದೆ.

ಅತ್ತೆಗೆ ಆ ಕೀಬೋರ್ಡು ಬಂದದ್ದು ಕೆ.ಆರ್. ಪೇಟೆಯ ಒಂದು ಪ್ರೆಸ್ಸು ಮುಚ್ಚಿದಾಗ. ಅದರ ಯಜಮಾನರು ಈಗ ಮುದುಕರು. ಒಂದು ಭಾನುವಾರ ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು.

"ತಾತ, ಇದು ಯಾರ್ದು ಗೊತ್ತಾ?" ಯಾವ ಕಂಪನಿಯದು ಎನ್ನುವುದನ್ನು ನಮ್ಮ ಕಡೆ ಕೇಳುವುದೇ ಹಾಗೆ.

ಅವರು ಕೀಬೋರ್ಡಿನ ಮೇಲೆ ನಿಧಾನವಾಗಿ ಕೈಯಾಡಿಸಿದರು. ಮುಖ ಅರಳಿತು.

"ಅವಳ್ದು ಕಣ್ಲಾ. ಅವಳ ಬುಟ್ಟು ಬ್ಯಾರೇದ ನಾನು ಕಣ್ಣೆತ್ತಿ ನೋಡ್ನಿಲ್ಲ. ಎಂಥಾ ಗಟ್ಟಿ ಅಂತೀಯೆ!"

ಒಳಗಿನಿಂದ ಅವರ ಹೆಂಡತಿ ಕೆಮ್ಮಿದರು. ಯಾವ ಅವಳು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಯಜಮಾನರೇ ಮುಂದುವರಿಸಿದರು: "ನಾಗಮಂಗಲ್ದಲ್ಲಿ ನಮ್ಮ ಆಪರೇಟ್ರು ಉಡ್ಗಿ ಒಬ್ಳವ್ಳೆ. ಇದ್ರ ಮ್ಯಾಲೆ ಕೆಲ್ಸ ಮಾಡ್ದೋಳು. ಅವ್ಳನ್ನ ಕೇಳು."

ಅಡ್ರೆಸ್ಸು ಬರೆದುಕೊಂಡು ಹೊರಗೆ ಬಂದೆ. ಬಸ್ಸಿನಲ್ಲಿ ದಿನಚರಿ ತೆಗೆದು ಬರೆದೆ: "ಕೀಬೋರ್ಡು ಒಬ್ಬ ಹೆಂಗಸಿನದು. ನಾಗಮಂಗಲ. ಎಲ್ಲಿಂದ ತಂದರೆಂದು ವಿಚಾರಿಸಬೇಕು."

ಮುಂದಿನ ಭಾನುವಾರ ನಾಗಮಂಗಲ. ಹುಡುಗಿ ಎಂದು ಯಜಮಾನರು ಹೇಳಿದವರಿಗೆ ತಲೆ ಅರ್ಧ ನರೆತಿತ್ತು. ನಡುಮನೆಯಲ್ಲಿ ತಟ್ಟೆ ತುಂಬ ಮಣಿ ಇಟ್ಟುಕೊಂಡು ಪೋಣಿಸುತ್ತಿದ್ದರು. ಅವರ ಅತ್ತೆ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದರು. ನಾನು ಟವೆಲು ಬಿಚ್ಚಿ, "ಇದು ನಿಮ್ದಂತಲ್ಲಕ್ಕಾ" ಅಂದೆ.

"ನಂದಾ? ನಂಗೆಲ್ಲಿಂದ ಬರ್ಬೇಕಪ್ಪ? ಯಾರಂದೋರು?"

"ಯಜಮಾನ್ರು. ಇದು ಅವಳ್ದು, ಅವಳ ಬುಟ್ಟು ಬ್ಯಾರೇದ ಕಣ್ಣೆತ್ತಿ ನೋಡ್ನಿಲ್ಲ ಅಂದ್ರು."

"ಅಯ್ಯೋ! ಅವ್ರ ಎಂಡ್ರು ಮನೇಲಿದ್ರಾ?"

"ಇದ್ರು. ಕೆಮ್ಮುದ್ರು."

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅಷ್ಟರಲ್ಲಿ ಮುದುಕಿ ರೇಗಿದರು: "ನಗಾಡಿದ್ದು ಸಾಕು. ಮೊದ್ಲು ನನ್ನ ಅವಳದ ಸರ ಪೋಣ್ಸಿಕೊಡೇ."

ನನಗೆ ಇನ್ನಷ್ಟು ಗೊಂದಲವಾಯಿತು. "ಅವಳ ಸರ? ಯಾರ್ದಕ್ಕಾ ಇದು?"

"ಅತ್ತೇದೇ. ಇನ್ಯಾರ್ದು?"

"ಅವಳ ಸರ ಅಂದ್ರಲ್ಲ?"

"ಅವಳ ಕಣಪ್ಪ, ಅವಳ! ಕೆಂಪು ಮಣಿ!" ಅಕ್ಕ ತಟ್ಟೆಯಿಂದ ಒಂದು ಮಣಿ ಎತ್ತಿ ನನ್ನ ಕಣ್ಣ ಮುಂದೆ ಹಿಡಿದರು.

ಹವಳ. ಮಣಿ ನೋಡಿದೆ, ತೊಡೆಯ ಮೇಲಿದ್ದ ಕೀಬೋರ್ಡಿನ ಕೆಂಪು ಕೀಲಿ ನೋಡಿದೆ. ಒಂದೇ ಬಣ್ಣ. ಅಕ್ಕನ ಕಣ್ಣೂ ಅಲ್ಲಿಗೇ ಹೋಯಿತು.

"ಅಯ್ಯೋ ಸಿವ್ನೆ. ಕಂಪ್ನಿ ಎಸ್ರು ಕಣಪ್ಪ ಅದು. ಇಂದ್ಗಡೆ ಚೀಟೀಲಿ ಕೆಂಪಕ್ಸರ್ದಲ್ಲಿ ಬರ್ದಿತ್ತು, ಪಕ್ಕದಲ್ಲೊಂದು ಮಣಿ ಚಿತ್ರ. ನಾವೆಲ್ಲ ಅವಳ ಅವಳ ಅಂತ್ಲೇ ಅಂತಿದ್ದೊ."

ನಾನೂ ಮನೆಯಲ್ಲಿ ಹಾಲಿಗೆ ಆಲು ಅನ್ನುವವನೇ, ಹಳ್ಳಿಗೆ ಅಳ್ಳಿ ಅನ್ನುವವನೇ. ಹೊರಗಿನವರಾಗಿದ್ದರೆ ಹಾಗೆಂದರೇನು ಎಂದು ಅಲ್ಲೇ ಕೇಳಿಬಿಡುತ್ತಿದ್ದರು. ನಮ್ಮದೇ ಮಾತು, ಅರ್ಥವಾಯಿತೆಂದುಕೊಂಡು ಒಬ್ಬ ಹೆಂಗಸನ್ನು ಹುಡುಕಿಕೊಂಡು ನಾಗಮಂಗಲದವರೆಗೆ ಬಂದಿದ್ದೆ.

"ಯಾವೋಳ್ಲಾ ಅವ್ಳು?" ಅಂದರು ಮುದುಕಿ.

ದಿನಚರಿಯಲ್ಲಿ "ಹೆಂಗಸಿನದು" ಎಂಬುದನ್ನು ಹೊಡೆದು ಪಕ್ಕದಲ್ಲಿ ದೊಡ್ಡದಾಗಿ "ಹವಳ" ಎಂದು ಬರೆದೆ. ಬಸ್ಸಿನಲ್ಲೇ ಕೂತು ಹೆಸರನ್ನೂ ಒಳಗಿನ ಸಂಖ್ಯೆಯನ್ನೂ ಗುಂಪಿಗೆ ಕಳಿಸಿದೆ. ಮಾರನೆಯ ದಿನ ಉತ್ತರ ಬಂತು. ಬೆಂಗಳೂರಿನಲ್ಲಿ ಕೆಲವೇ ವರ್ಷ ನಡೆದು ನಿಂತುಹೋದ ಸಣ್ಣ ಘಟಕವಂತೆ. ಕನ್ನಡ ಟೈಪಿಗೆಂದೇ ಎಡಗಡೆಯ ಸಾಲು ಕೂರಿಸುತ್ತಿದ್ದರಂತೆ. ಬರೆದವರ ಬಳಿ ಅದೇ ಸಂಖ್ಯೆಯದೊಂದು ಇತ್ತು, ಅದರ ಜೊತೆ ಬಂದ ಹಾಳೆಯೂ ಇತ್ತು. ಹಾಳೆಯ ಫೋಟೋ ಕಳಿಸಿದ್ದರು. ನನಗೆ ಬೇಕಾದ ಪಟ್ಟಿ ಅದರಲ್ಲಿತ್ತು.

ಕೆಲಸ ಮುಗಿದ ಮೇಲೆ ದಿನವೂ ಸ್ವಲ್ಪ ಹೊತ್ತು ನಮ್ಮ ಅಂಗಡಿಯಲ್ಲೇ ಕೂತು ಬೆಸುಗೆ ಹಾಕಿದೆ. ದೀಪಾವಳಿಗೆ ಇನ್ನೂ ಒಂದು ವಾರವಿರುವಾಗ ಕೀಬೋರ್ಡನ್ನು ಪಾಂಡವಪುರಕ್ಕೆ ತೆಗೆದುಕೊಂಡು ಹೋದೆ.

ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. ಕಣ್ಣು ಪರದೆಯ ಮೇಲೆ, ಕಿರುಬೆರಳು ಕೆಂಪು ಕೀಲಿಯ ಮೇಲೆ. ಟಕಟಕ ಎಂದು ಹಳೆಯ ಸದ್ದು ಶುರುವಾಯಿತು. ಪರದೆಯ ಮೇಲೆ ಮೂಡಿತು: ಚಿಕ್ಕಪ್ಪ. ಆಮೇಲೆ ಚಿಕ್ಕಮ್ಮ, ದೊಡ್ಡಪ್ಪ, ದೊಡ್ಡಮ್ಮ, ಮನೆಮಂದಿಯೆಲ್ಲ ಒತ್ತಿನ ಸಮೇತ ಬಂದರು. ಎರಡು ಕೀಲಿಗಳು ಮಾತ್ರ ಅದಲುಬದಲಾಗಿದ್ದವು. ಳ ಒತ್ತಿದರೆ ಣ, ಣ ಒತ್ತಿದರೆ ಳ.

"ಇವತ್ತು ರಾತ್ರಿಯೇ ಸರಿ ಮಾಡ್ತೀನಿ ಅತ್ತೆ" ಅಂದೆ.

"ಎಲ್ಡೇ ತಾನೆ? ಮೊದ್ಲು ಉಂಡ್ಕ ಓಗು. ಅಲ್ಲೀಗಂಟ ನನ್ ಬೆರಳಿಗೆ ಏಳಿರ್ತೀನಿ ಬುಡು."

ಎದ್ದು ಹೋಗಿ ಬಾಗಿಲಿನ ಹಾಳೆಯನ್ನು ಹರಿಯದಂತೆ ನಿಧಾನವಾಗಿ ಬಿಡಿಸಿಕೊಂಡು ಬಂದರು. ತಿರುಗಿಸಿ ನೋಡಿದರು. ಹಿಂಬದಿ ಖಾಲಿಯಿತ್ತು. ಅದನ್ನೇ ಪ್ರಿಂಟರಿಗೆ ಹಾಕಿದರು.