ಮರಾಠಿ ಟೈಪಿಂಗ್ ತೆಗೆಸಿದವರು ಯಾರು

ಆ ವಾರ ವೈನಿ ನನ್ನನ್ನು ನೋಡುವ ನೋಟವೇ ಬೇರೆಯಾಗಿತ್ತು. ವೈನಿ ಎಂದರೆ ನಮ್ಮ ಅಣ್ಣನ ಹೆಂಡತಿ, ಗಡಿಯಾಚೆಯ ಹೆಣ್ಣುಮಗಳು, ಮರಾಠಿ ಶಾಲೆಯಲ್ಲಿ ಕಲಿತವಳು. ಗಡಿಯ ಕೊಗನೊಳ್ಳಿ ದಾಟಿದ ಮೇಲೆ ಸಿಗುವ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವ ಕೆಲಸ ಖಾಲಿಯಿತ್ತು; ಶನಿವಾರ ಪರೀಕ್ಷೆ. ಅದಕ್ಕಾಗಿ ದಿನಾ ನಮ್ಮೂರು ಭೋಜದಿಂದ ನನ್ನ ಜೊತೆ ಬಸ್ಸು ಹತ್ತಿ, ನಾನು ಕಲಿಸುವ ನಿಪ್ಪಾಣಿಯ ಕಂಪ್ಯೂಟರ್ ಸೆಂಟರಿಗೆ ಬಂದು ಮರಾಠಿ ಟೈಪಿಂಗ್ ರೂಢಿ ಮಾಡಿಕೊಳ್ಳುತ್ತಿದ್ದಳು. ಸೋಮವಾರ ಬಂದು ನೋಡಿದರೆ ಕನ್ನಡ ಇದೆ, ಇಂಗ್ಲಿಷ್ ಇದೆ, ಮರಾಠಿಯ ಪ್ಯಾಕೇಜ್ ಮಾತ್ರ ಎಲ್ಲ ಕಂಪ್ಯೂಟರುಗಳಿಂದಲೂ ಮಾಯ.

“ಖರೇ ಹೇಳ, ಯಾರ್ ತೆಗದಾರ?” ಅಂದಳು ವೈನಿ.

“ನನಗೇನ್ ಗೊತ್ತ? ಚಿಕ್ಕೋಡಿ ಆಫೀಸಿನ್ಯಾಗ ಏನರ ಮಾಡಿರಬೇಕ.”

“ಹೂಂ,” ಅಂದಳು. ಆ ಒಂದು ಹೂಂ ಕೇಳಿ ನನ್ನ ಮೈಯೆಲ್ಲ ಉರಿಯಿತು. ಕುಂಬಳಕಾಯಿ ಕಳ್ಳ ಅಂದರೆ, ಕದಿಯದವಳಾದ ನಾನೂ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಯಿತಲ್ಲ!

ನಮ್ಮವು ಬೇಕಾದ ಹಾಗೆ ಬದಲಿಸಿಕೊಳ್ಳಬಹುದಾದ ಲಿನಕ್ಸ್ ಕಂಪ್ಯೂಟರುಗಳು, ಆದರೆ ಅವುಗಳ ಯಜಮಾನಿಕೆ ನಮ್ಮ ಕೈಯಲ್ಲಿಲ್ಲ. ಚಿಕ್ಕೋಡಿಯ ಮುಖ್ಯ ಆಫೀಸಿನಲ್ಲಿ ಒಬ್ಬ ಪುಣ್ಯಾತ್ಮ ಕೂತಿದ್ದಾನೆ. ಅಥಣಿ, ರಾಯಬಾಗ, ನಿಪ್ಪಾಣಿ, ಎಲ್ಲ ಕಡೆಯ ಕಂಪ್ಯೂಟರುಗಳಲ್ಲಿ ಏನಿರಬೇಕು, ಏನು ಹೋಗಬೇಕು ಅನ್ನುವುದು ಅವನ ಮರ್ಜಿ. ನಾನೇ ಮರಾಠಿಯನ್ನು ಮತ್ತೆ ಹಾಕಿದೆ. ಮರುದಿನ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಕಂಪ್ಯೂಟರು ಚಿಕ್ಕೋಡಿಯನ್ನು ಕೇಳಿತು, ಬೇಡ ಅನ್ನಿಸಿಕೊಂಡಿತು, ನಮ್ಮ ಕಣ್ಣೆದುರೇ ಅದನ್ನು ಕಿತ್ತು ಹಾಕಿತು. ವೈನಿ ಖಾಲಿ ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು.

ಅಥಣಿಗೂ ರಾಯಬಾಗಕ್ಕೂ ಫೋನ್ ಹಚ್ಚಿದೆ. “ನಮ್ಮಲ್ಲಿ ಐತಲ್ರಿ ಮರಾಠಿ” ಅಂದರು ಇಬ್ಬರೂ. ಹಾಗಾದರೆ ನಿಪ್ಪಾಣಿಗೆ ಮಾತ್ರ ಯಾಕೆ ಕತ್ತರಿ? ಗಡಿಯ ಜಗಳವನ್ನು ಈ ಮನುಷ್ಯ ಕಂಪ್ಯೂಟರಿನ ಒಳಗೂ ತಂದನೇನು ಎಂಬ ಸಂಶಯ ನನಗೆ ಗಟ್ಟಿಯಾಯಿತು. ಒಂದೇ ಮಾತಿನೊಳಗೆ ಕನ್ನಡ ಮರಾಠಿ ಎರಡೂ ಬೆರೆಸಿ ಆಡುವ ಮನೆ ನಮ್ಮದು.

ರಾತ್ರಿ ಊಟಕ್ಕೆ ಕೂತಾಗ ಅಣ್ಣ, “ಹೆಂಗ ನಡದೈತಿ ಟೈಪಿಂಗ?” ಎಂದು ನಗುತ್ತ ಕೇಳಿದ. ನಮ್ಮ ಮನೆಯ ಗಂಡಸರು ಬಾಯಿ ಬಿಟ್ಟು ಬೇಡ ಅನ್ನುವವರಲ್ಲ. ವೈನಿ ಕೆಲಸದ ಮಾತು ತೆಗೆದಾಗಲೂ, “ಹೋಗ, ಯಾರ್ ಬ್ಯಾಡ ಅಂದಾರ?” ಅಂದಿದ್ದ.

ಬುಧವಾರ ಚಿಕ್ಕೋಡಿಗೆ ಹೋದೆ. ಆ ಮನುಷ್ಯ ಚಹಾ ತರಿಸಿದ. ನಾನು ಮುಟ್ಟಲಿಲ್ಲ.

“ಮರಾಠಿ ಕಂಡ್ರ ನಿಮಗ್ಯಾಕ್ರಿ ಹೊಟ್ಟಿಕಿಚ್ಚ?”

ಅವನು ಕಣ್ಣು ಪಿಳಿಪಿಳಿ ಬಿಟ್ಟ. “ನೀವ ತೆಗಿ ಅಂದ್ರಂತಲ್ರಿ ಅಕ್ಕಾರ! ನಿಮ್ಮ ಅಣ್ಣ ನನ್ನ ಸಾಲಿ ದೋಸ್ತ. ಫೋನ್ ಮಾಡಿದ್ದ. ‘ನಮ್ಮ ತಂಗಿ ಸೆಂಟರಿನ್ಯಾಗ ಮರಾಠಿ ಬ್ಯಾಡ ಅಂತಾಳ, ನಿನಗ ಹೇಳಾಕ ನಾಚತಾಳ’ ಅಂದ.”

ಅಯ್ಯೋ ನನ್ನ ಕರ್ಮವೇ! ಮಾಡಿದ್ದು ಅಣ್ಣ, ಹೆಸರು ನನ್ನದು. ನನ್ನ ಎದುರಿಗೇ ಮರಾಠಿಯನ್ನು ವಾಪಸ್ ಹಾಕಿಸಿ ಎದ್ದೆ. ಬಸ್ಸಿನಲ್ಲಿ ಭೋಜ ಬರುವವರೆಗೂ ಅಣ್ಣನನ್ನು ಮನಸ್ಸಿನಲ್ಲೇ ಬೈದೆ. ಸಿಟ್ಟಿಗಿಂತ ಹೆಚ್ಚಾಗಿ ಅಳು ಬರುತ್ತಿತ್ತು.

ಮನೆಗೆ ಹೋದಾಗ ಅಣ್ಣ ಉಣ್ಣುತ್ತಿದ್ದ, ವೈನಿ ರೊಟ್ಟಿ ಬಡಿಸುತ್ತಿದ್ದಳು. ಚಪ್ಪಲಿ ಬಿಟ್ಟವಳೇ ಹೇಳಿದೆ: “ವೈನಿ, ಮರಾಠಿ ತೆಗೆಸಿದಾಂವ ಇಂವ. ಅದೂ ನನ್ನ ಹೆಸರ ಹೇಳಿ ತೆಗೆಸ್ಯಾನ.”

ಅಣ್ಣ ತಲೆ ಎತ್ತಲಿಲ್ಲ. “ಅಷ್ಟ ದೂರ ದಿನಾ ಹೋಗಿ ಬರೋದಂದ್ರ...” ಎಂದು ತಾಟಿಗೇ ಹೇಳಿಕೊಂಡ.

ವೈನಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಚಿಕ್ಕೋಡಿಯಾಗ ಇವರ ದೋಸ್ತ ಅದಾನಲ್ಲ, ಇವರದು ನನಗ ಸೋಮವಾರನ ಗೊತ್ತಾಗಿತ್ತ. ನೀನೂ ಇವರ ಜೋಡಿ ಕೂಡಿಯೋ ಏನೋ, ಅದಷ್ಟ ಗೊತ್ತಿರಲಿಲ್ಲ. ನಾಳೆ ಮುಂಜಾನೆ ಸೆಂಟರ್ ಲಗೂನ ತೆಗಿ.”