ಕ್ಲಬ್ಬಿನ ಬಯಲಲ್ಲಿ ಮಾವನವರ ಕೋಲಾಟ

ನನ್ನ ಮಾವನವರ ಕೋಟಿನ ಗುಂಡಿಗಳು ಒಂದು ದಿನವೂ ತಮ್ಮ ತಮ್ಮ ತೂತು ಸೇರಿದ್ದನ್ನು ನಾನು ಕಾಣೆ. ಪಂಚೆಯ ಮೇಲೆ ಕರಿಯ ಕೋಟು, ಅದರ ಒಂದು ಅಂಚು ತೊಡೆಯವರೆಗೆ, ಇನ್ನೊಂದು ಸೊಂಟಕ್ಕೇ ನಿಂತಿರುತ್ತಿತ್ತು. ಅತ್ತೆ ಸರಿಮಾಡಲು ಹೋದರೆ, “ಬುಡು, ಗಾಳಿ ಆಡ್ತದೆ” ಎನ್ನುತ್ತಿದ್ದರು.

ಕಿರುಗಾವಲಿನಿಂದ ಯಲಿಯೂರಿನ ಪಕ್ಕದ ಆ ಹಳ್ಳಿಗೆ ಸೊಸೆಯಾಗಿ ಬಂದ ಕೆಲವೇ ದಿನಗಳಲ್ಲಿ ನನಗೆ ಅರ್ಥವಾಯಿತು: ಮಾವನವರಿಗೆ ಹೊಸದೇನಾದರೂ ಹೊಳೆದರೆ ಮನೆಯ ಹೆಂಗಸರಿಗೆ ಗ್ರಹಚಾರ. ಜೇನು ಸಾಕುತ್ತೇನೆಂದು ಪೆಟ್ಟಿಗೆ ತಂದು ಅಡುಗೆಮನೆಯ ಕಿಟಕಿಯ ಕೆಳಗಿಟ್ಟರು. ವಾರವೆಲ್ಲ ಊದಿದ ಮುಖದಲ್ಲೇ ಮುದ್ದೆ ತಿರುವಿದೆವು. ಕೇಳಿದರೆ ಒಂದೇ ಮಾತು, “ಅದೇನ್ ಮಹಾ ಕಷ್ಟ ಬುಡವ್ವ.”

ಒಂದು ಬೇಸಗೆಯಲ್ಲಿ ಮಂಡ್ಯಕ್ಕೆ ಹೋದವರು, ಅಲ್ಲಿ ಎಂಜಿನಿಯರುಗಳ ಕ್ಲಬ್ಬಿನ ಬೇಲಿಯಾಚೆ ಕಂಡದ್ದನ್ನು ತಲೆಯಲ್ಲಿ ತುಂಬಿಕೊಂಡು ಬಂದರು. “ಬಯಲಲ್ಲೇ ಕೆಂಡ ಮಾಡವ್ರೆ, ಬಾಡು ಸುಡ್ತಾವ್ರೆ, ಗಂಡ ಎಂಡ್ತಿ ಒಟ್ಗೇ ಕುಣೀತಾವ್ರೆ! ನಮ್ ಕ್ಲಬ್ಬಲ್ಲೂ ಆಗ್ಬೇಕು.”

ನಮ್ಮೂರ ಕ್ಲಬ್ಬೆಂದರೆ ಗಂಡಸರು ಇಸ್ಪೀಟು ಆಡುವ ಒಂದು ಹೆಂಚಿನ ಹಜಾರ. ಹೆಂಗಸರು ಅದರ ಮೆಟ್ಟಿಲನ್ನೂ ತುಳಿದವರಲ್ಲ. ಕ್ಲಬ್ಬಿನ ಅಧ್ಯಕ್ಷರು ಬಯಲಲ್ಲಿ ಮಾಂಸ ಸುಡಲು ಕೂಡಲೇ ಒಪ್ಪಿದರು, ಗಂಡಸರ ಕೋಲಾಟಕ್ಕೂ ಒಪ್ಪಿದರು. ಹೆಂಗಸರು ಮಾತ್ರ ತೆಂಗಿನ ಗರಿಯ ಮರೆ ಕಟ್ಟಿ, ಅದರ ಹಿಂದೆ ಕೂರಬೇಕೆಂದರು. ಮಾವನವರು ಗೆದ್ದವರಂತೆ ಮನೆಗೆ ಬಂದು, “ಒಪ್ಪುಸ್ಬುಟ್ಟೆ!” ಎಂದರು.

“ಬಾಡು ತೊಳ್ಯೋಕೆ, ಮಸಾಲೆ ಅರ್ಯೋಕೆ ಮರೆ ಬ್ಯಾಡ, ತಿನ್ನೋಕೆ ಮರೆ ಬೇಕಾ?” ಎಂದು ಅತ್ತೆ ಒರಳಿನ ಮುಂದಿನಿಂದಲೇ ಕೂಗಿದರು. ಮಾವನವರು ಗುದ್ದಲಿ ಹೆಗಲಿಗೇರಿಸಿ ಹೊರಟರು.

ಬೆಂಕಿಯ ಗುಂಡಿಯನ್ನು ತಾವೇ ತೋಡುತ್ತೇನೆಂದು ಹಟ ಹಿಡಿದು, ಗಾಳಿ ಎತ್ತ ಬೀಸುತ್ತದೆಂದು ನೋಡದೆ ತೋಡಿದರು. ಸಂಜೆ ಕೆಂಡ ಹೊತ್ತಿಕೊಂಡಾಗ ಹೊಗೆಯೆಲ್ಲ ನೇರ ನಮ್ಮ ಮರೆಯೊಳಕ್ಕೆ ನುಗ್ಗಿತು. ಸರಳಿಗೆ ಚುಚ್ಚಿದ್ದ ಬಾಡು ಹೊರಗೆ ಇದ್ದಲಾಗಿತ್ತು, ಒಳಗೆ ಹಸಿ. ಪಕ್ಕದ ಮನೆಯ ಬಾಣಂತಿ ಮಗುವನ್ನು ಅವುಚಿಕೊಂಡು ಕೆಮ್ಮಿದಳು. ಮಗುವಿಗೆ ಉಸಿರೇ ಕಟ್ಟಿದಂತಾಯಿತು. ಆ ಕೆಮ್ಮು ಕೇಳಿ ಮಾವನವರು ಓಡಿ ಬಂದು ಗರಿಗಳನ್ನು ಎರಡೂ ಕೈಯಿಂದ ಕಿತ್ತೆಸೆದರು. ಗಾಳಿ ಬಂದು ಮಗು ಕಿರುಚಿ ಅತ್ತಿತು.

“ಎಂಗಸ್ರು ಮನೇಗೋಗ್ಲಿ,” ಎಂದರು ಅಧ್ಯಕ್ಷರು.

“ಮಸಾಲೆ ಅರೆದೋರು ಅವ್ರು ಗೌಡ್ರೆ. ಅವ್ರೋದ್ರೆ ನಾನೂ ಓಯ್ತೀನಿ. ಬಾಡೂ ನನ್ ಜತೇಲೇ ಬತ್ತದೆ,” ಎಂದರು ಮಾವನವರು.

ಅಷ್ಟು ಹೇಳಿ ಕೋಲು ಹಿಡಿದು ಕುಣಿಯತೊಡಗಿದರು. ತಮಟೆ ಒಂದು ಕಡೆ, ಅವರ ಕಾಲು ಇನ್ನೊಂದು ಕಡೆ. ಎದುರಿಗಿದ್ದವನ ಬೆರಳಿಗೇ ಕೋಲು ಬಿತ್ತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತೆ ಮಾತ್ರ ಧಡಕ್ಕನೆ ಎದ್ದರು. “ಕೊಡಿ ಇಲ್ಲಿ, ಮಾನ ಕಳೀಬ್ಯಾಡಿ!” ಎಂದು ಕೋಲು ಕಿತ್ತುಕೊಂಡು, ಊರ ಗಂಡಸರೆಲ್ಲರ ನಡುವೆ ಹೆಜ್ಜೆ ಹಾಕಿದರು. ಅಷ್ಟು ಹಗುರ ಹೆಜ್ಜೆಯನ್ನು ಆ ಭಾರಿ ಮೈಯಲ್ಲಿ ನಾನೆಂದೂ ಕಂಡಿರಲಿಲ್ಲ. “ನೀನ್ಯಾಕ್ ಕೂತಿದ್ದೀಯೆ? ಬಾ!” ಎಂದು ನನ್ನನ್ನು ಗದರಿದರು. ಹೋದೆ. ಇನ್ನೂ ನಾಲ್ಕಾರು ಹೆಂಗಸರು ಬಂದರು. ಅಧ್ಯಕ್ಷರು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಮರುದಿನವೇ ಮಾವನವರಿಗೆ ಕ್ಲಬ್ಬಿನ ಬಾಗಿಲು ಮುಚ್ಚಿತು. “ಓಗ್ಲಿ ಬುಡು” ಎಂದರೇ ಹೊರತು, ಸಂಜೆಯಾದರೆ ಜಗಲಿಯ ಮೇಲೆ ಶತಪಥ ತಿರುಗುತ್ತಿದ್ದರು. ಕೊನೆಗೆ ಮಂಡ್ಯದಿಂದ ರೈಲಿನಲ್ಲಿ ಪತ್ರಿಕೆ ತರಿಸತೊಡಗಿದರು. ಕಣ್ಣು ಮಂಜು, ಓದಲಾರರು. ಮೂರನೇ ಕ್ಲಾಸು ಮುಗಿಸಿ ಅಕ್ಷರ ಮರೆತೇಬಿಟ್ಟಿದ್ದ ನನ್ನನ್ನು, ಒಲೆಯ ಮೇಲೆ ಸಾರು ಕುದಿಯುವ ಹೊತ್ತಿಗೇ ಸರಿಯಾಗಿ ಕರೆಯುವರು. “ಓದವ್ವ, ಅದೇನ್ ಮಹಾ ಕಷ್ಟ?” ಒಂದು ಸಾಲು ಓದುವಷ್ಟರಲ್ಲಿ ಬಾಯಿ ಹಾಕಿ ಸರ್ಕಾರದ ಜೊತೆ ಜಗಳಕ್ಕಿಳಿಯುವರು. ಒಳಗೆ ಸಾರು ಸೀಯುತ್ತಿತ್ತು, ಅತ್ತೆ ಬೈಯುತ್ತಿದ್ದರು. ನನ್ನ ಪ್ರಾಣ ಹೋಗುತ್ತಿತ್ತು. ಇಂದು ನಾನು ಪುಸ್ತಕ ಹಿಡಿದು ಕೂರುವವಳಾಗಿದ್ದರೆ, ಅದು ಆ ಸೀದ ಸಾರುಗಳ ಫಲ.

ಅವರ ಕೊನೆಯ ಸಂಜೆಯೂ ಜಗಲಿಯ ಕಂಬಕ್ಕೊರಗಿ ಕೂತಿದ್ದರು. ನಾಲೆಗೆ ನೀರು ಬಿಡುವ ಸುದ್ದಿ ಓದುತ್ತಿದ್ದೆ. ಅವರು ನಡುವೆ ಒಂದು ಮಾತೂ ಆಡಲಿಲ್ಲ. ಸದ್ಯ, ಇವತ್ತಾದರೂ ಸುಮ್ಮನಿದ್ದಾರಲ್ಲ ಎಂದು ನೆಮ್ಮದಿಯಿಂದ ಇಡೀ ಪುಟ ಓದಿ ಮುಗಿಸಿದೆ. ಆಮೇಲೆ ತಲೆಯೆತ್ತಿ ನೋಡಿದೆ.