ಮೋಡದ ಕೈಗಳಾದ ಮೇಲೆ

ದಾವಣಗೆರೆಗೆ ಬಂದ ಮರುದಿನ ಬೆಳಗ್ಗೆ ನನ್ನನ್ನು ಕಂಡು ಭಾಬಿ ನೀರಿನ ಕೊಡ ಕೈಬಿಟ್ಟರು. ಹಿತ್ತಲಲ್ಲಿ ನಾನು ಮಂಡಿ ಸಡಿಲಿಸಿ, ಕಾಣದ ಚೆಂಡೊಂದನ್ನು ಹಿಡಿದಂತೆ ಒಂದು ಅಂಗೈ ಮೇಲೆ, ಇನ್ನೊಂದು ಕೆಳಗೆ ಮಾಡಿಕೊಂಡು ಮೆಲ್ಲಗೆ ತಿರುಗುತ್ತಿದ್ದೆ.

"ಯಾ ಅಲ್ಲಾ! ಯೂಸುಫ್, ನಿನ್ ಹೆಂಡ್ತಿಗೆ ಏನೋ ಮೆಟ್ಕಂಡೈತೆ, ಬಾರೋ!"

ಯೂಸುಫ್ ನನ್ನ ಗಂಡ. ಭಾಬಿ ಅವನ ಅಣ್ಣನ ಹೆಂಡತಿ. ನನ್ನ ಅಪ್ಪ ಹರಿಹರದಿಂದ ರಂಗೂನಿಗೆ ಹೋಗಿ ಬಟ್ಟೆ ಅಂಗಡಿ ಇಟ್ಟವರು. ನಾನು ಹುಟ್ಟಿದ್ದು ಅಲ್ಲೇ; ಯೂಸುಫ್ ದಾವಣಗೆರೆಯಿಂದ ಆ ಅಂಗಡಿಗೆ ಕೆಲಸಕ್ಕೆ ಬಂದವನು. ಅಲ್ಲಿನ ಸರ್ಕಾರ ಅಂಗಡಿಗಳನ್ನು ವಶಪಡಿಸಿಕೊಂಡ ಮೇಲೆ ನಾವಿಬ್ಬರೂ ಹಡಗು ಹತ್ತಿ, ನಾನು ಎಂದೂ ನೋಡದ 'ನಮ್ಮೂರಿಗೆ' ಬಂದೆವು.

ರಂಗೂನಿನಲ್ಲಿ ನಮ್ಮ ಮೇಲ್ಮಹಡಿಯ ಚೀನೀ ಮುದುಕಿಯನ್ನು ಎಲ್ಲರೂ ಆಪೋ, ಅಂದರೆ ಅಜ್ಜಿ, ಎನ್ನುತ್ತಿದ್ದರು. ನನ್ನ ಮಗು ಹೊಟ್ಟೆಯಲ್ಲೇ ಸತ್ತ ವರ್ಷ ಆಪೋ ನನ್ನನ್ನು ತಾರಸಿಗೆ ಎಳೆದೊಯ್ದು ತೈ ಚಿ ಎಂಬ ಚೀನೀ ನಿಧಾನ ವ್ಯಾಯಾಮ ಕಲಿಸಿದಳು. ಭುಜ ಇಳಿಬಿಡು, ಬೆರಳು ಬಿಗಿಯಬೇಡ, ಒಂದು ಭಂಗಿ ಮುಗಿಯುವಲ್ಲೇ ಮುಂದಿನದು ಶುರುವಾಗಲಿ, ಎಲ್ಲೂ ನಿಲ್ಲಬೇಡ ಎನ್ನುತ್ತಿದ್ದಳು. ಕೈ ನಡೆಯುತ್ತಿರುವಷ್ಟು ಹೊತ್ತು ನನಗೆ ಅಳು ಬರುತ್ತಿರಲಿಲ್ಲ.

"ಬ್ಯಾಡ ನೂರಿ," ಎಂದರು ಭಾಬಿ. "ಮೊನ್ನೆ ಮೊನ್ನೆ ಚೀನಾ ಯುದ್ಧ ಮುಗಿದೈತೆ. ಓಣಿ ಮಂದಿ ಚೀನಾದವ್ರ ಕವಾಯತು ಅಂತಾರೆ."

ಅವರದೇ ಮನೆ, ಅವರದೇ ಅನ್ನ. ನಿಲ್ಲಿಸಿದೆ. ರಂಗೂನಿನಲ್ಲಿ ಅನ್ನದ ಜೊತೆ ಙಪಿ ಎಂಬ ಘಾಟು ಮೀನಿನ ಚಟ್ನಿ ಇತ್ತು. ಇಲ್ಲಿ ಜೋಳದ ರೊಟ್ಟಿ ತಟ್ಟುವುದನ್ನು ಕಲಿತೆ. ಹರಿಯದ ಮೊದಲ ರೊಟ್ಟಿಯನ್ನು ಭಾಬಿ ಮನೆಮಂದಿಗೆಲ್ಲ ಎತ್ತಿ ತೋರಿಸಿದರು. ಅವರು ಕೆಟ್ಟವರಲ್ಲ.

ವರ್ಷ ಕಳೆದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಮತ್ತೆ ನಿಂತೆ. 'ಮೋಡದ ಕೈಗಳು' ಎಂಬ ಭಂಗಿಯವರೆಗೆ ಸಲೀಸಾಗಿ ಬಂತು. ಅಂಗೈಗಳು ಒಂದರ ಹಿಂದೊಂದು ಮುಖದ ಮುಂದೆ ಸರಿದವು. ಆಮೇಲೆ ಎಡಗೈ ಇಳಿಯಬೇಕೋ ಏಳಬೇಕೋ? ತಿಳಿಯಲಿಲ್ಲ. ಮೊದಲಿನಿಂದ ಮಾಡಿದೆ. ಅಲ್ಲೇ ನಿಂತಿತು. ಎಷ್ಟು ದಿನ ಮಾಡಿದರೂ ಅಲ್ಲೇ. ಆಪೋಗೆ ಬರೆದ ಕಾಗದಗಳಿಗೆ ಉತ್ತರವಿರಲಿಲ್ಲ.

ಹರಿಹರದಲ್ಲಿ ಚೀನೀ ಹಲ್ಲಿನ ಡಾಕ್ಟರೊಬ್ಬರು ಇದ್ದಾರೆಂದು ಯೂಸುಫ್ ಕೇಳಿಕೊಂಡು ಬಂದ. ಹಲ್ಲುನೋವಿನ ನೆಪ ಹೇಳಿ ಬಸ್ಸಿನಲ್ಲಿ ಹೋದೆವು. ಡಾಕ್ಟರು ನಡುವಯಸ್ಸಿನವರು, ಮಾತು ಅಚ್ಚ ಹರಿಹರದ್ದು.

"ಕೂಡ್ರಿ. ಯಾವ ಹಲ್ಲು?"

ನಾನು ಬುರ್ಖಾದ ತೋಳು ಸರಿಸಿ, ಕೈಯೆತ್ತಿ 'ಮೋಡದ ಕೈಗಳು' ಮಾಡಿ ತೋರಿಸಿದೆ. ಅವರು ಎದ್ದು ಬಾಗಿಲ ಪರದೆ ಎಳೆದರು.

"ಕೈ ಇಳಿಸ್ರಿ ಮೊದ್ಲು. ಯಾರ್ ಕಳಿಸಿದ್ರು ನಿಮ್ಮನ್ನ? ಪೊಲೀಸ್ರಾ?"

"ಯಾರೂ ಇಲ್ರಿ," ಎಂದ ಯೂಸುಫ್. "ಇವ್ಳಿಗೆ ಮುಂದಿಂದು ಮರ್ತೈತೆ. ನಿಮಗೆ ಗೊತ್ತಿದ್ರೆ..."

"ನಂಗೇನೂ ಗೊತ್ತಿಲ್ರಿ. ನಾನು ಈ ದೇಶದಾಗೇ ಹುಟ್ಟಿದೋನು." ಪರದೆಯತ್ತ ನೋಡಿ ದನಿ ತಗ್ಗಿಸಿದರು. "ನಮ್ಮಪ್ಪ ಮಾಡ್ತಿದ್ದ. ಕಲಿಸಾಕ ಕರೆದ್ರೆ ನಾನು ಓಡಿ ಹೋಗ್ತಿದ್ದೆ. ಈಗ ಕೇಳಾಣ ಅಂದ್ರೆ ಅವ್ನಿಲ್ಲ. ಹೋಗ್ರಮ್ಮ, ಮಂದಿ ನೋಡ್ತಾರೆ."

ಹೊರಗೆ ಬಂದೆವು. ಹೊಳೆ ದಂಡೆಯಲ್ಲಿ ಕೂತಾಗ ಯೂಸುಫ್, "ನೀನೇ ಏನಾರ ಸೇರಿಸ್ಕೊ," ಎಂದ. ಸೇರಿಸಿಕೊಳ್ಳಬಹುದಿತ್ತು. ಆದರೆ ಅದು ಆಪೋ ಕಲಿಸಿದ್ದಾಗುತ್ತಿರಲಿಲ್ಲ.

ಅಂದಿನಿಂದ ಮಾಡಿಲ್ಲ, ವರ್ಷಗಳೇ ಕಳೆದವು. ಮೊನ್ನೆ ಭಾಬಿಯೇ ಕೇಳಿದರು: "ಯಾಕ ನೂರಿ, ನಿನ್ ಕವಾಯತು ಬಿಟ್ಟೇಬಿಟ್ಟಿ? ಈಗ ಯಾರೂ ಏನೂ ಅನ್ನಲ್ಲ, ಮಾಡು."

"ಬರಲ್ಲ ಭಾಬಿ, ಮರ್ತೋಯ್ತು."

"ಹೋಗ್ಲಿ ಬಿಡು. ಈಗ ನೀನು ನಮ್ಮೂರೋಳೇ ಆದಿ," ಎಂದು ಅವರು ಸಂತೋಷದಿಂದ ನನ್ನ ಬೆನ್ನು ಸವರಿದರು. ನಾನು ಹೂಂ ಎಂದೆ. ರಂಗೂನಿನಿಂದ ಮೈಯಲ್ಲಿ ಹೊತ್ತು ತಂದದ್ದು ಆಪೋ ಕಲಿಸಿದ್ದೊಂದೇ ಎಂದು ಅವರಿಗೆ ಹೇಳಲಿಲ್ಲ.